ಎಷ್ಟು ಮಿನಿಟ ಬಿಡಬೇಕು?

ಗೆಳತಿ ಶಶಿಕಲಾಗೆ,

ಸತ್ತವರ ಮೇಲೆ ಸಿಟ್ಟು ಇಟ್ಟುಕೊಳ್ಳಬಾರದು ಎನ್ನುತ್ತಾರೆ. ನಾನು ಇಟ್ಟುಕೊಂಡಿದ್ದೇನೆ. ಹೋದ ವರ್ಷ ಒಂದು ಸೋಮವಾರ ಸಿಂದಗಿಯ ನಿನ್ನ ಬ್ಯೂಟಿ ಪಾರ್ಲರಿಗೆ ಬಂದು, ಗಿರಾಕಿಗಳ ಎದುರಿಗೇ ನಿನ್ನ ನೀರಿಳಿಸಬೇಕು ಎಂದುಕೊಂಡಿದ್ದೆ. ನೀನು ಶನಿವಾರವೇ ಹೋಗಿಬಿಟ್ಟೆ. ಎದೆನೋವು ಎಂದವಳನ್ನು ಬಿಜಾಪುರದ ದವಾಖಾನೆಗೆ ಒಯ್ಯುತ್ತಿದ್ದರಂತೆ, ದೇವರ ಹಿಪ್ಪರಗಿ ದಾಟುವುದರೊಳಗೆ ಎಲ್ಲ ಮುಗಿದಿತ್ತಂತೆ. ಬೈಗುಳ ನನ್ನ ಬಾಯಲ್ಲೇ ಉಳಿಯಿತು. ಅದಕ್ಕೇ ಈ ಕಾಗದ.

ಇಂಡಿ ಊರಿನಲ್ಲಿ ನಿಮ್ಮ ಅಣ್ಣನ ಬಸುರಿ ಮಗಳ ಕುಬಸ ನೆನಪಿದೆಯಾ? ಹೆಂಗಸರೆಲ್ಲ ಕೂತಿದ್ದೆವು. ನೀನು ನನ್ನ ಗದ್ದ ಹಿಡಿದು ಕಿಟಕಿಯ ಕಡೆಗೆ ತಿರುಗಿಸಿದೆ. “ಗಂಗೂ, ನಿನ್ನ ಮಾರಿ ಚಂದ ಐತಿ ಬಿಡು. ಆದ್ರ...” ಅಂದೆ. ಮುಂದೆ ಹೇಳಲಿಲ್ಲ. ನಲವತ್ತೊಂದು ವರ್ಷ ಅದೇ ಮುಖ ಹೊತ್ತು ತಿರುಗಿದ್ದೆ. ಗಲ್ಲದ ಮೇಲೆ ನಾಲ್ಕು ಮೊಡವೆ ಕಲೆ, ಅಷ್ಟೇ. ಗಂಡ ನೋಡಿರಲಿಲ್ಲ, ಅತ್ತೆ ನೋಡಿರಲಿಲ್ಲ. ಊಟದ ಪಂಕ್ತಿಯಲ್ಲಿ ನಾನೇ ನಾಚಿಕೆ ಬಿಟ್ಟು ಕೇಳಿದೆ, “ಆದ್ರ ಏನ?” ಅಂತ. “ಒಂದ್ಸಲ ಪೀಲಿಂಗ್ ಮಾಡಿಸ್ಕೊ, ಮ್ಯಾಲಿನ ಚರ್ಮ ಸುಲದು ಬೆಣ್ಣಿಯಂಗ ಆಗ್ತೈತಿ” ಅಂದೆ. ಹೋಳಿಗೆ ತಿನ್ನುತ್ತಲೇ ಹೇಳಿದೆ.

ಮೊದಲ ದಿನ ನಿನ್ನ ಪಾರ್ಲರಿನ ಕುರ್ಚಿಯಲ್ಲಿ, ನೀನು ಹೆಸರಿಲ್ಲದ ಬಾಟಲಿಯಿಂದ ಪೀಲಿಂಗಿನ ಔಷಧ ಗಲ್ಲಕ್ಕೆ ಹಚ್ಚುವಾಗ, ನಾನು ಎರಡೂ ಕೈಯಿಂದ ಸೀರೆ ಹಿಡಿದುಕೊಂಡಿದ್ದೆ. “ಉರಿತೈತಿ ಶಶಿ” ಅಂದರೆ, “ಉರಿಬೇಕವಾ, ಉರಿದ್ರನ ಹೊಸಾ ಚರ್ಮ ಬರ್ತೈತಿ” ಎಂದು ಹೇಳಿ ಪಕ್ಕದವಳ ಹುಬ್ಬು ತಿದ್ದಲು ಹೋದೆ. ಮೂರನೇ ಸಲಕ್ಕೆ ಗಲ್ಲ ಬೊಬ್ಬೆ ಎದ್ದಿತು. ಅದಕ್ಕೂ ನಿನ್ನ ಹತ್ತಿರ ಉತ್ತರವಿತ್ತು. “ಒಳಗಿನ ಹೊಲಸು ಹೊರಗ ಬರಾಕತ್ತೈತಿ. ಬರಲಿ ಬಿಡು.” ಬಿ.ಎಡ್. ಮಾಡಿದವಳು, ಮಕ್ಕಳಿಗೆ ವಿಜ್ಞಾನ ಕಲಿಸುವವಳು, ಈ ಮಾತು ನಂಬಿದೆನಲ್ಲ! ಆಮೇಲೆ ಒಂದು ಮುಲಾಮಿನ ಟ್ಯೂಬ್ ಕೊಟ್ಟೆ. ಹಚ್ಚಿದರೆ ಕೆಂಪು ಇಳಿಯುತ್ತಿತ್ತು, ಬಿಟ್ಟರೆ ದುಪ್ಪಟ್ಟಾಗಿ ಬರುತ್ತಿತ್ತು. ಕೆಟ್ಟದ್ದನ್ನು ಸರಿಮಾಡಲು ಮತ್ತೆ ಪೀಲಿಂಗ್, ಅದು ಕೆಡಿಸಿದ್ದಕ್ಕೆ ಇನ್ನೊಂದು. ಆರು ಸಲ ಬಂದೆ. ನೀನು ಕರೆದೆ, ನಾನು ಬಂದೆ. ಕತ್ತೆಗೂ ಅಷ್ಟರಲ್ಲಿ ಬುದ್ಧಿ ಬರುತ್ತಿತ್ತು.

ನಾನು ಕಲಿಸುವ ಮೋರಟಗಿಯ ಶಾಲೆಯಲ್ಲಿ ಒಂದು ದಿನ ನಾಲ್ಕನೆಯ ತರಗತಿಯ ಹುಡುಗಿ ಪಾಟಿಯ ಮೇಲೆ ಬರೆದದ್ದು ತೋರಿಸಲು ಬಂದವಳು ನನ್ನ ಮುಖವನ್ನೇ ನೋಡುತ್ತ ನಿಂತಳು. “ಅಕ್ಕೋರ, ನಿಮ್ಮ ಗಲ್ಲ ಒಣಗಿದ ಲಿಂಬಿಹಣ್ಣಿನಂಗ ಆಗೇತ್ರಿ” ಅಂದಳು. ಅಣಕಿಸಲಿಲ್ಲ ಶಶಿ, ಕಂಡದ್ದು ಹೇಳಿದಳು. ನಾನು ಅವಳ ಕೆನ್ನೆಗೆ ಹೊಡೆದೆ. ಹದಿನೇಳು ವರ್ಷದ ನೌಕರಿಯಲ್ಲಿ ಮಕ್ಕಳ ಮೇಲೆ ಎತ್ತದ ಕೈ. ಆ ಏಟು ಯಾರಿಗೆ ಬೀಳಬೇಕಿತ್ತು? ಅವತ್ತಿನಿಂದ ಮುಖಕ್ಕೆ ಸ್ಕಾರ್ಫ್ ಸುತ್ತಿಕೊಂಡು ಬಸ್ಸು ಹತ್ತುತ್ತೇನೆ, ಕೇಳಿದವರಿಗೆ ಧೂಳು ಎನ್ನುತ್ತೇನೆ. ಬಿಜಾಪುರದ ಚರ್ಮದ ಡಾಕ್ಟರು ಲೈಟ್ ಹಿಡಿದು ನೋಡಿದರು. “ಇನ್ನ ಕೆಡಲಾರದಂಗ ನೋಡ್ಕೋಬಹುದ್ರಿ. ಮೊದಲಿನಂಗ ಆಗೂದಿಲ್ಲ” ಅಂದರು.

ನೀನು ಹೋದ ದಿನ ನಿನ್ನನ್ನು ಗೋಡೆಗೆ ಒರಗಿಸಿ ಕೂಡಿಸಿದ್ದರು. “ಜೀವದ ಗೆಳತಿ ಇದ್ದಾಕಿ, ನೀನ ಈಬತ್ತಿ ಹಚ್ಚವಾ” ಎಂದು ನಿಮ್ಮ ಅತ್ತೆ ನನ್ನನ್ನೇ ಕರೆದರು. ಸುಳ್ಳು ಹೇಳುವುದಿಲ್ಲ, ನನಗೆ ಅಳು ಬಂದಿತ್ತು. ವಿಭೂತಿ ಹಚ್ಚಿ ಕೈ ತೆಗೆಯುವಾಗ ಬೆರಳು ನಿನ್ನ ಗಲ್ಲಕ್ಕೆ ತಾಗಿತು. ನುಣುಪು. ನನ್ನ ವಾರಿಗೆಯವಳು, ಸತ್ತಿದ್ದೀ, ಆದರೂ ನುಣುಪು. ಪಕ್ಕದಲ್ಲಿ, ಚಿಕ್ಕಂದಿನಿಂದ ನನ್ನನ್ನು ಚಿಗವ್ವ ಎಂದೇ ಕರೆಯುವ ನಿನ್ನ ಮಗಳು ಪೂಜಾ ಬಿಕ್ಕುತ್ತ ಹೇಳಿದಳು, “ನಮ್ಮವ್ವ ಕಡ್ಲಿಹಿಟ್ಟು ಬಿಟ್ರ ಬ್ಯಾರೆ ಏನೂ ಹಚ್ಚಿದಾಕಿ ಅಲ್ಲ ಚಿಗವ್ವ. ಆ ಪೀಲಿಂಗ್ ಬಾಟ್ಲಿ ನನಗೂ ಮುಟ್ಟಗೊಡ್ತಿರಲಿಲ್ಲ, ಗಿರಾಕಿ ಮಾಲು ಅಂತಿದ್ಲು.” ಹೆತ್ತವಳ ಗುಣಗಾನ ಮಾಡುತ್ತಿದ್ದಳು ಪಾಪ. ನನ್ನ ಅಳು ಅಲ್ಲಿಗೇ ನಿಂತಿತು. “ಎಷ್ಟ ಗಟ್ಟಿ ನೋಡ್ರಿ ಅಕ್ಕೋರ” ಎಂದು ಹೆಂಗಸರು ಹೊಗಳಿದರು.

ಹೋದ ತಿಂಗಳು ಪೂಜಾ ಅದೇ ಬಾಟಲಿ ಹಿಡಿದುಕೊಂಡು ನಮ್ಮ ಮನೆಗೆ ಬಂದಳು. ಬಸವನ ಬಾಗೇವಾಡಿಯ ಕಡೆಯವರು ಅವಳನ್ನು ನೋಡಲು ಬರುವವರಿದ್ದರು. “ಚಿಗವ್ವ, ನಮ್ಮವ್ವ ಇದನ್ನ ನಿನಗ ಎಷ್ಟು ಮಿನಿಟ ಬಿಡ್ತಿದ್ಲು? ಇದರ ಮ್ಯಾಲ ಏನೂ ಬರೆದಿಲ್ಲ. ನಿನಗ ಗೊತ್ತಿರ್ತೈತಿ ಅಂತ ಬಂದೆ” ಅಂದಳು. ಅದೇ ನಿನ್ನ ಮೂಗು, ಅದೇ ನಿನ್ನ ಗಲ್ಲ. “ಹತ್ತು ಮಿನಿಟ” ಅಂದಿದ್ದರೆ ಸಾಕಿತ್ತು, ಆ ಗಲ್ಲವೂ ನನ್ನದರಂತೆ ಆಗುತ್ತಿತ್ತು. ನಾಲಿಗೆಯ ತುದಿಗೆ ಬಂದಿತ್ತು ಶಶಿ. ಒಲೆಯ ಮೇಲಿನ ಚಹಾ ಉಕ್ಕಿ ಸುರಿದುಹೋಯಿತು.

ಆಮೇಲೆ ಎದ್ದುಹೋಗಿ ಮುಖದ ಪೌಡರ್ ಎಲ್ಲ ತೊಳೆದುಕೊಂಡು ಬಂದೆ. ಅವಳನ್ನು ಹೊಸ್ತಿಲ ಹತ್ತಿರ ಬಿಸಿಲಿಗೆ ಕೂಡಿಸಿ, ಅವಳ ಕೈ ಹಿಡಿದು ನನ್ನ ಗಲ್ಲದ ಮೇಲೆ ಆಡಿಸಿದೆ. ಕೈ ಕಿತ್ತುಕೊಂಡಳು. “ಇದು ನಿಮ್ಮವ್ವನ ಕೈಗುಣ” ಅಂದೆ. “ನಮ್ಮವ್ವಗ ಗೊತ್ತಿರಲಿಕ್ಕಿಲ್ಲ ಚಿಗವ್ವ...” ಅಂದಳು. ನಾನು ಹೂಂ ಅಂದಿದ್ದರೆ ಅವಳ ಮುಖವೂ ಉಳಿಯುತ್ತಿತ್ತು, ನಿನ್ನ ಮಾನವೂ ಉಳಿಯುತ್ತಿತ್ತು. “ಗೊತ್ತಿತ್ತು” ಅಂದೆ. “ಗೊತ್ತಿತ್ತಂತನ ನಿನಗ ಹಚ್ಚಲಿಲ್ಲ.”

ಅವಳು ಅಳಲಿಲ್ಲ. ಬಾಟಲಿಯನ್ನು ನಮ್ಮ ಬಚ್ಚಲಿಗೆ ಸುರಿದು ಹೋದಳು. ನಿನಗೆ ನಿಜವಾಗಿ ಗೊತ್ತಿತ್ತೇ? ನನಗೇನು ಗೊತ್ತು! ತುಟ್ಟಿ ಮಾಲು, ಮನೆಯವರಿಗೆ ಯಾಕೆ ದಂಡ ಎಂದೇ ಮುಚ್ಚಿಟ್ಟಿದ್ದೆಯೋ ಏನೋ. ಕೇಳೋಣವೆಂದರೆ ನೀನಿಲ್ಲ. ಅವತ್ತು ಮಾತ್ರ ನನಗೆ ಹೊಟ್ಟೆ ತುಂಬ ಊಟ ಸೇರಿತು.

ಮೊನ್ನೆ ಗುರುವಾರ ಬಾಗೇವಾಡಿಯ ಬೀಗರು ನಿಮ್ಮ ಮನೆಗೆ ಬಂದಿದ್ದರು. ತಾಯಿಯ ಜಾಗದಲ್ಲಿ ನನ್ನನ್ನೇ ಕೂಡಿಸಿದ್ದರು. ಪೂಜಾ ಬರೀ ಮುಖ ತೊಳೆದುಕೊಂಡು ಬಂದು ಕೂತಳು, ಎಲ್ಲರಿಗೂ ಒಪ್ಪಿಗೆಯಾಯಿತು. ಹುಡುಗನ ತಾಯಿ ಪೂಜಾಳನ್ನು ಕೇಳಿದರು, “ನಿಮ್ಮ ತಾಯಿ ಏನ ಮಾಡ್ತಿದ್ರವಾ?” ಸಿಂದಗಿಯಲ್ಲಿ ಬ್ಯೂಟಿಷಿಯನ್ ಅಂತ ಬೋರ್ಡು ಹಾಕಿದ ಮೊದಲ ಹೆಂಗಸು ನಾನೇ ಎಂದು ನೀನು ಎಷ್ಟು ಸಲ ಹೇಳಿದ್ದೆ, ಎಷ್ಟು ಜನರಿಗೆ ಹೇಳಿದ್ದೆ. ನಿನ್ನ ಗಂಡ ನೆಲ ನೋಡಿದ. ಪೂಜಾ ತಲೆ ಎತ್ತದೆ, “ಏನಿಲ್ರಿ. ಮನಿಯಾಗ ಇರ್ತಿದ್ಲು” ಅಂದಳು. ಆ ಹೆಂಗಸು ಹೌದೇ ಎನ್ನುವಂತೆ ನನ್ನ ಕಡೆ ತಿರುಗಿದರು.

“ಹೌದ್ರಿ” ಅಂದೆ. “ಪಾಪ, ಮನಿ ಬಿಟ್ಟು ಏನೂ ಗೊತ್ತಿದ್ದಾಕಿ ಅಲ್ಲ.”

ಗಂಗೂ