ಬಾಡಿಗೆ ಮುದುಕನನ್ನು ಮೇಲೆತ್ತಿದ ಅಪರಾಧ

ಮಾನ್ಯ ಪ್ರವಾಸಿ ತಾಣ ನಿರ್ವಹಣಾಧಿಕಾರಿಗಳೇ,

ಮುಳುಗುತ್ತಿದ್ದ ಮನುಷ್ಯನೊಬ್ಬನನ್ನು ಕಾಲುವೆಯಿಂದ ಮೇಲೆಳೆದದ್ದಕ್ಕೆ ‘ಅನುಮತಿಯಿಲ್ಲದೆ ಸಾರ್ವಜನಿಕ ಪ್ರದರ್ಶನ ನೀಡಿದ್ದೀರಿ’ ಎಂದು ನನಗೆ ನೋಟಿಸು ಕಳಿಸಿದ್ದೀರಿ. ಮುಂದಿನ ಸಲ ಯಾರಾದರೂ ಮುಳುಗಿದರೆ ಮೊದಲು ತಮ್ಮ ಕಚೇರಿಗೆ ಬಂದು ಅರ್ಜಿ ಹಾಕಬೇಕೆ? ತಮ್ಮ ಊಟದ ವಿರಾಮದಲ್ಲಿ ಮುಳುಗಿದವನ ಗತಿಯೇನು?

ನಮ್ಮ ಮನೆಯ ಮುಂದೆ, ಕಾಲುವೆಯ ದಂಡೆಗುಂಟ ಸಾಗುವ ಹೆಂಚಿನ ಮಾಡಿನ ಹಾದಿಯಲ್ಲಿ, ನೀರಿನ ಕಡೆಯ ಮರದ ಬೆಂಚಿನ ಮೇಲೆ ನಾನು ದಿನಾ ಚಹಾ ಹಿಡಿದು ಕೂರುತ್ತಿದ್ದೆ. ಕಳೆದ ವಸಂತದಲ್ಲಿ ತಮ್ಮ ಮೇಲ್ವಿಚಾರಕರು ಬಂದು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

“ಅಜ್ಜಾ, ಬೇಜಾರು ಮಾಡ್ಕೋಬೇಡಿ. ಪ್ರವಾಸಿಗರಿಗೆ ತೋರಿಸೋಕೆ ಈ ಜಾಗಕ್ಕೆ ಹಳೇ ಕಾಲದ ಮುದುಕ ಬೇಕು. ನೀವು ಹೊಂದಲ್ಲ.”

“ನಾನು ಹುಟ್ಟಿದ್ದೇ ಈ ಬಾಗಿಲ ಹಿಂದೆ ಕಣಯ್ಯಾ! ನನಗಿಂತ ಹಳಬನ್ನ ಎಲ್ಲಿಂದ ತರ್ತೀಯ?”

“ಗಡ್ಡ ಇಲ್ವಲ್ಲ,” ಎಂದರು.

ಮರುದಿನ ನನ್ನ ಬೆಂಚಿನ ಮೇಲೆ ಹೊಟ್ಟೆಯವರೆಗೆ ಹತ್ತಿಯ ಗಡ್ಡ ಅಂಟಿಸಿಕೊಂಡು, ಗಾಳ ಹಿಡಿದ ‘ಪ್ರಾಚೀನ ನಿವಾಸಿ’ಯೊಬ್ಬ ಹಾಜರಾದ. ಹೆಸರು ದುವಾನ್ ಹೈಪಿಂಗ್. ಉತ್ತರದ ಒಣ ಸೀಮೆಯವನು, ಇನ್ನೂ ಮದುವೆಯಾಗದ ಹುಡುಗ. ನಾನು ಕಿಟಕಿಯಿಂದ ಅವನನ್ನು ದುರುಗುಟ್ಟಿ ನೋಡುತ್ತ ಚಹಾ ಕುಡಿಯತೊಡಗಿದೆ.

ಗಾಳಕ್ಕೆ ಮೀನು ಬೀಳುವುದುಂಟು ಎಂದು ಪಾಪ, ಅವನಿಗೆ ತಾವು ಯಾರೂ ಹೇಳಿರಲಿಲ್ಲ. ಹೋದ ವಾರ ದಪ್ಪನೆಯ ಮೀನೊಂದು ಕಚ್ಚಿತು. “ಅಯ್ಯೋ, ಏನೋ ಎಳೀತಿದೆ!” ಎಂದು ಕಿರುಚುತ್ತ ಅವನು ಗಡ್ಡಸಮೇತ ನೀರಿಗೆ ಬಿದ್ದ. ಈಜು ಬಾರದು. ನೆನೆದ ಹತ್ತಿ ಮೂಗಿಗೆ ಮೆತ್ತಿಕೊಂಡಿತ್ತು. ಪ್ರವಾಸಿಗರು ಸಾಲಾಗಿ ನಿಂತು ಫೋನು ಹಿಡಿದರು. ನಾನು ಹೊರಗೋಡಿ, ಕೈಗೆ ಸಿಕ್ಕ, ಬಟ್ಟೆ ಒಣಹಾಕುವ ಬಿದಿರಿನ ಗಳವನ್ನು ಚಾಚಿದೆ. ಅದರ ಮೇಲೆ ನನ್ನ ಹೆಂಡತಿ ಯಿನ್‌ದಿಯ ಹೂವಿನ ಚಡ್ಡಿ ತೂಗುತ್ತಿದ್ದದ್ದು ನಿಜ, ಒಪ್ಪುತ್ತೇನೆ.

“ಗಟ್ಟಿಯಾಗಿ ಹಿಡ್ಕೊಳೋ!” ಎಂದು ನಾನು.

“ಚಡ್ಡಿ ಬಿಡೋ, ಗಳ ಹಿಡಿ!” ಎಂದು ಕಿಟಕಿಯಿಂದ ಅವಳು.

ಅವನು ಎರಡನ್ನೂ ಹಿಡಿದುಕೊಂಡೇ ಮೇಲೆ ಬಂದ. ಚಪ್ಪಾಳೆಯೋ ಚಪ್ಪಾಳೆ. ಹೆಂಗಸೊಬ್ಬಳು ನನ್ನ ತೋಳು ಹಿಡಿದು, “ಮುಂದಿನ ಆಟ ಎಷ್ಟೊತ್ತಿಗೆ?” ಎಂದು ಕೇಳಿದಳು.

ನಮ್ಮ ಅಡುಗೆಮನೆಯಲ್ಲಿ ಶುಂಠಿ ಕಷಾಯ ಕುಡಿಯುತ್ತ ಹೈಪಿಂಗ್ ಅತ್ತುಬಿಟ್ಟ. “ಗಡ್ಡ ಕಳ್ಕೊಂಡೆ ತಾತಾ. ಇನ್ನು ನನ್ನ ಕೆಲ್ಸಾನೂ ಹೋಯ್ತು.” ಸಂಜೆಯೊಳಗೆ ತಾವು ಅವನ ಮಾತು ನಿಜ ಮಾಡಿದಿರಿ. ಅಷ್ಟು ದಿನ ಅವನ ಮೇಲಿದ್ದ ನನ್ನ ಸಿಟ್ಟು ಅಂದೇ ತಮ್ಮ ಕಚೇರಿಗೆ ವರ್ಗವಾಯಿತು.

ಈಗ ಯಾರೂ ಕೂರದಂತೆ ಬೆಂಚಿಗೆ ಹಗ್ಗ ಸುತ್ತಿದ್ದೀರಿ. ಮಾನ್ಯರೇ, ಆ ಹಾದಿಗೆ ಸೂರು ಹಾಕಿದವರು ನಡೆಯುವವರು ನೆನೆಯದಿರಲಿ, ದಣಿದವರು ಕೂರಲಿ ಎಂದು ಹಾಕಿದರು. ಕೂರುವವರ ಗಲ್ಲ ತಡವಿ ನೋಡಲಿಲ್ಲ.

ಆದ್ದರಿಂದ ಹಗ್ಗ ಬಿಚ್ಚಿಸಿ. ನೋಟಿಸು ಹಿಂದಕ್ಕೆ ಪಡೆಯಿರಿ. ಹೈಪಿಂಗ್‌ಗೆ ಕೆಲಸ ಕೊಡಿ, ಗಾಳ ಮಾತ್ರ ಕೊಡಬೇಡಿ. ಸಾಕ್ಷಿಯೆಂದು ಕೊಂಡೊಯ್ದ ಚಡ್ಡಿಯನ್ನು ಒಗೆದು ಕಳಿಸಿ. ಇಂದು ಬೆಳಿಗ್ಗೆಯೂ ಯಿನ್‌ದಿ ಕೇಳಿದಳು: “ಏನ್ರೀ, ಅದನ್ನೂ ಪ್ರಾಚೀನ ವಸ್ತು ಅಂತ ಗಾಜಿನ ಪೆಟ್ಟಿಗೇಲಿ ಇಟ್ಟುಬಿಟ್ರಾ?”

ಇಂತಿ,
ತಮ್ಮ ಕಡತದಲ್ಲಿ ಇನ್ನೂ ಮುದುಕನಾಗದ
ಯು ಗೆನ್‌ಬಾವೊ