ಠಾಣೆಯ ಗಾಜು ಒಡೆಯಲಿಲ್ಲ

ಭಾನುವಾರ, ಮಧ್ಯಾಹ್ನ

ಮುದ್ದಿನ ಮಗಳೇ,

ನಿನ್ನ ಕಾಗದ ಬಂದು ಎಷ್ಟೋ ದಿನವಾಯಿತು. ಉತ್ತರ ತಡವಾಯಿತೆಂದು ಬೈಯಬೇಡ; ನಿನ್ನ ಪಾಲಿನದನ್ನೂ ಸೇರಿಸಿ ನಿಮ್ಮಮ್ಮ ಆಗಲೇ ಬೈದು ಮುಗಿಸಿದ್ದಾಳೆ. ಅಂಗಡಿಯ ಬಾಗಿಲು ಅರ್ಧ ಎಳೆದು, ಗಾಜು ಕತ್ತರಿಸುವ ಮೇಜಿನ ಮೇಲೇ ಬರೆಯುತ್ತಿದ್ದೇನೆ.

"ಮೆರವಣಿಗೆಗೂ ದೊಂಬಿಗೂ ಏನಪ್ಪಾ ವ್ಯತ್ಯಾಸ, ಎರಡೂ ಕೂಗಾಟವೇ, ಹೋಗಬೇಡಿ" ಎಂದು ನೀನು ಬರೆದಿದ್ದೆ. ಹೋದೆವು. ಗಾಡಿಯ ಕಾಗದ ತೋರಿಸುವ ಮೊದಲೇ ನಿನ್ನ ಅಣ್ಣನಿಗೆ ಲಾಠಿಯಲ್ಲಿ ಬಾರಿಸಿದ ಪೊಲೀಸರ ಮೇಲೆ ವಿಚಾರಣೆಯಾಗಲಿ ಎಂದು ಕೇಳುವುದಕ್ಕೆ. ಅನುಮತಿ ಪಡೆದು, ರಸ್ತೆಯ ಒಂದೇ ಬದಿ ಹಿಡಿದು, ಆಂಬುಲೆನ್ಸಿಗೆ ದಾರಿ ಬಿಟ್ಟು ನಡೆದೆವು. ಘೋಷಣೆ ನನ್ನದೇ: "ಲಾಠಿ ಬೀಸಿದ್ದು ಯಾಕೆ? ಲೆಕ್ಕ ಕೊಡಿ ಜೋಕೆ!" 'ಜೋಕೆ' ಬೆದರಿಕೆಯಾಗುತ್ತದೆಂದು ನಿಮ್ಮಮ್ಮ ಹೊಡೆದುಹಾಕಿದಳು. ಪ್ರಾಸ ಹೋಯಿತು, ಅದರ ಜೊತೆ ನನ್ನ ಪ್ರಾಣವೂ ಒಂದಿಷ್ಟು.

ಠಾಣೆಯ ಮುಂದೆ ನಿನ್ನ ಚಿಕ್ಕಪ್ಪ ಕಲ್ಲೆತ್ತಿದ. ಅವನನ್ನು ನೋಡಿ ಹಿಂದಿನವರು ಕೆಲವರು ಕಲ್ಲಿಗಾಗಿ ಬಗ್ಗಿದರು.

"ಕೆಳಗಿಡೋ," ಎಂದೆ.

"ಗಾಜಿನಂಗಡಿ ಇಟ್ಕೊಂಡು ಹೀಗಂದ್ರೆ ಹೇಗಣ್ಣ? ಒಡೆದ್ರೆ ನಿನಗೇ ವ್ಯಾಪಾರ!"

ನನಗೆ ನಗು ಬಂತು, ಅವನಿಗೆ ಬರಲಿಲ್ಲ. ನಿನ್ನ ಅಣ್ಣನನ್ನು ಹೆಗಲ ಮೇಲೆ ಹೊತ್ತು ಆಡಿಸಿದವನಲ್ಲವೇ, ಕಣ್ಣು ಕೆಂಡವಾಗಿತ್ತು.

ನಿಮ್ಮಮ್ಮ ಎದುರಿಗೆ ಹೋಗಿ ನಿಂತಳು. "ಹೊಡಿಯಪ್ಪ. ನಾಳೆಯಿಂದ ನನ್ನ ಮಗನ ಬೆನ್ನಿನ ಬಾಸುಂಡೆ ಯಾರೂ ಕೇಳಲ್ಲ, ನಿನ್ನ ಕಲ್ಲನ್ನೇ ಕೇಳ್ತಾರೆ."

"ಮತ್ತೆ ಸುಮ್ನೆ ಇರೋದಾ ಅತ್ತಿಗೆ?"

"ಸುಮ್ನೆ ಯಾರಿದ್ದಾರೋ? ಕೂಗಿ ಕೂಗಿ ನನ್ನ ಗಂಟಲೇ ಬಿದ್ದೋಯ್ತು. ಈಗ ನೀನು ಕೂಗು."

ಕಲ್ಲು ಬಿಟ್ಟು ಕೂಗಿದ ನೋಡು! ಠಾಣೆಯ ಗಾಜು ಅದುರಿತು, ಒಡೆಯಲಿಲ್ಲ. ಬಗ್ಗಿದವರೂ ನೆಟ್ಟಗಾಗಿ ದನಿಗೂಡಿಸಿದರು. ಅಧಿಕಾರಿ ಹೊರಬಂದು ಮನವಿ ತೆಗೆದುಕೊಂಡರು. ಮೊನ್ನೆ ವಿಚಾರಣೆಗೆ ಆದೇಶವಾಗಿ, ಹೊಡೆದ ಇಬ್ಬರೂ ಅಮಾನತಾದರು. ವ್ಯತ್ಯಾಸ ಕೇಳಿದೆಯಲ್ಲ: ದೊಂಬಿಯಾಗಿದ್ದರೆ ಇವತ್ತು ಜಾಮೀನಿಗೆ ನಾವು ಅಲೆಯುತ್ತಿದ್ದೆವು, ಈಗ ವಕೀಲರನ್ನು ಅವರು ಹುಡುಕುತ್ತಿದ್ದಾರೆ.

ನಿಮ್ಮಮ್ಮನ ಗಂಟಲು ಇನ್ನೂ ತೆರೆದಿಲ್ಲ. ಮನೆ ಬಹಳ ಶಾಂತವಾಗಿದೆ. ನನಗೆ ಹಿತವಾಗಿದೆ ಎಂದು ಅವಳಿಗೆ ಬರೆಯಬೇಡ.

ಓದು ಸಾಗಲಿ, ನಿದ್ದೆ ಚೆನ್ನಾಗಲಿ, ಮನಸ್ಸು ಹಗುರಾಗಲಿ.

ಹರಸುವ,
ಅಪ್ಪ

ತಾ.ಕ.: ಅಣ್ಣನ ಬೆನ್ನು ವಾಸಿಯಾಗಿದೆ, ಕೆಲಸಕ್ಕೂ ಹೋಗುತ್ತಾನೆ. ಆದೇಶ ಬಂದ ದಿನ ಸಂತೋಷಕ್ಕೆ ಅವನ ತಲೆ ಸವರೋಣವೆಂದು ಕೈ ಎತ್ತಿದೆ. ಎರಡೂ ತೋಳಲ್ಲಿ ತಲೆ ಮುಚ್ಚಿಕೊಂಡು ಗೋಡೆಗೆ ಸರಿದುಬಿಟ್ಟ. ಆಮೇಲೆ "ಸಾರಿ ಅಪ್ಪ" ಅಂದ. ನೀನು ಬಂದಾಗ ಬಾಗಿಲಲ್ಲೇ ನಿಂತು ಅವನನ್ನು ಕೂಗು. ಯಾವಾಗಲಿನ ಹಾಗೆ ಹಿಂದಿನಿಂದ ಹೋಗಿ ಕಣ್ಣು ಮುಚ್ಚಬೇಡ.