ಸ್ಟಿಕರಿನ ಕೆಳಗಿನ ಬಿರುಕು

ಕೌಶಿಕ,

ಸಾರು ಗ್ಯಾಸಿನ ಮ್ಯಾಲೆ ಅದ, ಬಿಸಿ ಮಾಡ್ಕೋ. ನಿನ್ನ ಜೋಡಿ ಕೂತು ಉಣ್ಣೂ ಮನಸಿಲ್ಲ, ಮುರಗೋಡಕ್ಕ ಹೊಂಟೇನಿ.

ಚೀನಾದಿಂದ ಅಗ್ಗಕ್ಕ ತರಿಸಿದ ಹೆಸರಿಲ್ಲದ ಕಾರ್ಬನ್ ಸೈಕಲ್ ಫ್ರೇಮು. ದಸರಾದಾಗ ಖಂಡೇಪೂಜಿ ದಿನ ಟ್ರ್ಯಾಕ್ಟರಿನ ಕಬ್ಬಿಣಕ್ಕ ಬಡದಂಗ ಅದಕ್ಕೂ ಕಾಯಿ ಬಡದು ಒಡದಿ, ಬಿರುಕು ಬಿತ್ತು. ಗೊತ್ತಿಲ್ದ ಆತು ಅಂತ ಸುಮ್ಮನಿದ್ದೆ. ಆದ್ರ ಬಿರುಕಿನ ಮ್ಯಾಲೆ ದೊಡ್ಡ ಕಂಪನಿ ಸ್ಟಿಕರ್ ಅಂಟಿಸಿ ನಿನ್ನ ಗೆಳೆಯಾ ಭೀಮಶಿಗೇ ಮಾರ್ಲಿಕ್ಕೆ ಹೊಂಟೀಯಲ್ಲ, ನಿನ್ನ ಮಾರಿ ನೋಡ್ಲಿಕ್ಕೂ ಹೇಸಿಗಿ ಬರ್ತದ. ಅವ ದಿನಾ ಯಲ್ಲಮ್ಮನ ಗುಡ್ಡಾ ಸೈಕಲ್ ಮ್ಯಾಲೆ ಇಳಿಯಾಂವ.

ಸ್ಟಿಕರ್ ಕಿತ್ತು ಒಗದೇನಿ. ಮತ್ತೊಂದು ತಂದು ಅಂಟಿಸಬ್ಯಾಡ.

ಭೀಮಶಿಗೆ ಫೋನ್ ಮಾಡಿ ಎಲ್ಲಾ ಹೇಳಿದೆ. ನಂಬಲಿಲ್ಲ. "ಕೌಶಿಕ ಅಂಥಾವ ಅಲ್ರಿ ಅಕ್ಕಾರ" ಅಂದ. ಸಂಜಿಕ ಫ್ರೇಮ್ ಒಯ್ಲಿಕ್ಕೆ ಬರ್ತಾನ. ಬಾಗಲಾ ನೀನ ತಗಿ.

ಶರ್ವರಿ ಅಕ್ಕ